ಏಕೆ ಹೊಡೆದ ಎಂಬ ಪ್ರಶ್ನೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಊರು ಬಿಟ್ಟು ಈ ಮುಂಬಯಿಗೆ ಬಂದ ನಾವು ಎಷ್ಟೋ ಸಂಗತಿಗಳನ್ನು ಮರೆತಿರಬಹುದು. ಈ ಗಾದೆಯನ್ನು ಮಾತ್ರ ಹಾಸಿಗೆಯ ಸುರುಳಿಯೊಡನೆ ಕಟ್ಟಿಕೊಂಡೇ ಬಂದಿದ್ದೇವೆ. ಅದರಲ್ಲಿ ಅನುಭವದ ಸತ್ಯವಿಲ್ಲದೆ ಇಲ್ಲ. ತಿಂಗಳ ಕೊನೆಗೆ ಸಂಬಳ ಸಾಲದೆ ಹೋದಾಗ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಜಜ್ಜಿಹೋಗಿ ಮನೆ ಸೇರಿದಾಗ, ಒಂದೇ ಕೋಣೆಯಲ್ಲಿ ಐದಾರು ಜನ ಬಾಳಬೇಕಾದಾಗ ಬಿರುಸು ಮಾತುಗಳು ಬರುವುದು ಸಹಜ. ಅಂಥ ಜಗಳಕ್ಕೆ ಮೂರನೆಯವರು ತಲೆಹಾಕದಿರುವುದೇ ಮೇಲು. ಆದರೆ ಗಾದೆ ಹೇಳಿದ್ದು ಜಗಳದ ಮಾತನ್ನು, ಏಟಿನ ಮಾತನ್ನಲ್ಲ. ಜಗಳದಲ್ಲಿ ಎರಡು ನಾಲಿಗೆಗಳಿರುತ್ತವೆ. ಏಟು ಬಿದ್ದ ಕ್ಷಣದಲ್ಲಿ ಅವುಗಳಲ್ಲೊಂದು ಅಡಗಿಹೋಗುತ್ತದೆ. ಈ ಎರಡನ್ನೂ ಒಂದೇ ಗಾದೆಯ ಚೀಲದೊಳಗೆ ತುಂಬಿದವರು ನಾವು.

ಹೊರನಾಡಿನ ಕನ್ನಡ ಸಂಘಗಳು ನಾಟಕ, ರಾಜ್ಯೋತ್ಸವ, ವಿದ್ಯಾರ್ಥಿವೇತನಗಳನ್ನಷ್ಟೇ ನಡೆಸುವುದಿಲ್ಲ. ಇಲ್ಲಿ ತವರೂ ಇಲ್ಲ, ಊರ ಹಿರಿಯರೂ ಇಲ್ಲ. ಆದ್ದರಿಂದ ಸಂಸಾರಗಳ ಕಷ್ಟಗಳು ಬಹುಮಟ್ಟಿಗೆ ಸಂಘದ ಹಿರಿಯರ ಬಾಗಿಲಿಗೇ ಬರುತ್ತವೆ. ಹೆಂಡತಿಯೊಬ್ಬಳು ಪೊಲೀಸ್ ಠಾಣೆಗೆ ಹೋದಳೆಂದರೆ ಸಾಕು, ಅಂದು ಸಂಜೆಯೊಳಗೆ ಯಾರಾದರೂ ಬಂದು ‘ನೀವೊಂದು ಮಾತು ಹೇಳಿ, ಕೇಸು ಹಿಂದಕ್ಕೆ ತೆಗೆಸಿ’ ಎಂದು ಕೇಳಿಕೊಳ್ಳುತ್ತಾರೆ. ಆಗ ಹಿರಿಯರ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಒಂದೇ: ‘ಅವನು ಏಕೆ ಹೊಡೆದ?’ ಕೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಕಾರಣ ತಿಳಿದರೆ ಪರಿಹಾರ ಹುಡುಕಬಹುದೆಂಬುದೇ ಅವರ ಆಶಯ. ಆದರೂ ಈ ಪ್ರಶ್ನೆ ನ್ಯಾಯವಾದುದೇ ಎಂಬುದನ್ನು ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕಾಗಿದೆ.

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆಗಳು ಬದಲಾದುವು. ತಿರುಳು ಹೆಚ್ಚಾಗಿ ಹಳೆಯದೇ. ಅದರ 130ನೆಯ ಕಲಮು ‘ಹಲ್ಲೆ’ ಎಂದರೇನೆಂದು ಹೇಳುತ್ತದೆ. ಪತ್ರಿಕೆಗಳಲ್ಲಿ ಹಲ್ಲೆಯೆಂದರೆ ಹೊಡೆತ, ಕಾನೂನಿನಲ್ಲಿ ಹಾಗಲ್ಲ. ಈಗಲೇ ನನ್ನ ಮೇಲೆ ಬಲಪ್ರಯೋಗವಾಗುತ್ತದೆಂಬ ಭಯ ಎದುರಿನವರಲ್ಲಿ ಹುಟ್ಟುವಂತೆ ಬೇಕೆಂದೇ ಕೈ ಎತ್ತಿದರೆ ಅದೇ ಹಲ್ಲೆ. ಮೈ ಮುಟ್ಟಿರಬೇಕೆಂದಿಲ್ಲ. ಬರಿಯ ಮಾತು ಹಲ್ಲೆಯಾಗದು. ಆದರೆ ‘ಈಗ ನೋಡು’ ಎಂದು ಕೋಲನ್ನು ಕೈಗೆತ್ತಿಕೊಂಡರೆ ಆ ಮಾತು ಆ ಕೋಲಿಗೆ ಅರ್ಥ ಕೊಡುತ್ತದೆ. ಏಟು ಬಿದ್ದು ನೋವಾದರೆ 115ನೆಯ ಕಲಮು: ಒಂದು ವರ್ಷದವರೆಗೆ ಸೆರೆ, ಅಥವಾ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಆಯುಧದಿಂದಲೋ ಬೆಂಕಿಯಿಂದಲೋ ಕಾದ ವಸ್ತುವಿನಿಂದಲೋ ನೋವು ಮಾಡಿದರೆ 118ನೆಯ ಕಲಮು. ಮೂಳೆ ಮುರಿದರೆ, ಹಲ್ಲು ಕಳಚಿದರೆ, ಹದಿನೈದು ದಿನ ತೀವ್ರ ಯಾತನೆಯಿಂದ ನರಳಿದರೆ ಅದು ‘ತೀವ್ರ ಗಾಯ’. ಅದಕ್ಕೆ 117ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಸೆರೆಯುಂಟು.

ಈ ಕಲಮುಗಳಲ್ಲಿ ಒಂದು ಮಾತು ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹೊಡೆದವನು ಗಂಡನಾಗಿದ್ದರೆ ಇದು ಅನ್ವಯಿಸದು ಎಂಬ ಮಾತು ಇಲ್ಲ. ದಾದರ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಕೆನ್ನೆಗೆ ಹೊಡೆದರೆ ಯಾವ ಕಲಮೋ ಡೊಂಬಿವಲಿಯ ಮನೆಯೊಳಗೆ ಗಂಡ ಹೊಡೆದರೂ ಅದೇ ಕಲಮು. ತಾಳಿಯು ಏಟಿಗೆ ಕೊಟ್ಟ ಪರವಾನಿಗೆಯೆಂದು ನಮ್ಮ ದಂಡ ಕಾನೂನು ಒಪ್ಪುವುದಿಲ್ಲ.

ಆದರೂ ಈ ಸಮಾನತೆ ಸಾಲಲಿಲ್ಲ. ಬೀದಿಯಲ್ಲಿ ಬಿದ್ದ ಏಟು ಅಲ್ಲಿಗೇ ಮುಗಿಯುತ್ತದೆ. ಹೊಡೆದವನ ಮನೆಗೇ ಆ ರಾತ್ರಿ ಹೋಗಿ ಅವನಿಗೇ ಅನ್ನ ಬಡಿಸಬೇಕಾಗಿಲ್ಲ. ಮನೆಯ ಏಟು ಹಾಗಲ್ಲ. ನಾಳೆ ಮತ್ತೆ ಬೀಳಬಹುದೆಂಬ ಭಯದಲ್ಲಿಯೇ ಅದು ಬದುಕಿರುತ್ತದೆ. ತಿಂಗಳಿಗೊಮ್ಮೆ ಬೀಳುವ ಏಟು ಉಳಿದ ಇಪ್ಪತ್ತೊಂಬತ್ತು ದಿನಗಳನ್ನೂ ಆಳುತ್ತದೆ. ಒಂದೊಂದು ಏಟನ್ನೂ ಬಿಡಿಬಿಡಿಯಾಗಿ ಅಳೆಯುವ ಕಾನೂನಿಗೆ ಈ ಆಳ್ವಿಕೆ ಕಾಣಿಸುತ್ತಿರಲಿಲ್ಲ. ಆದ್ದರಿಂದ 1983ರಲ್ಲಿ ದಂಡ ಸಂಹಿತೆಗೆ 498-ಎ ಕಲಮನ್ನು ಸೇರಿಸಿ ಗಂಡನ ಅಥವಾ ಅವನ ಬಂಧುಗಳ ‘ಕ್ರೌರ್ಯ’ವನ್ನೇ ಒಂದು ಅಪರಾಧವೆಂದು ಹೆಸರಿಸಲಾಯಿತು. ಇಂದು ಅದು ಹೊಸ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆ, ಜೊತೆಗೆ ದಂಡ. ವರದಕ್ಷಿಣೆಯ ಕಿರುಕುಳ ಮಾತ್ರವೇ ಇದರಲ್ಲಿ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಹೆಂಡತಿಯ ಪ್ರಾಣಕ್ಕೆ, ಅಂಗಕ್ಕೆ, ದೇಹದ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಡಾಂತರ ತರುವಂಥ ಬುದ್ಧಿಪೂರ್ವಕ ವರ್ತನೆಯೂ ಕ್ರೌರ್ಯವೇ, ಒಂದು ಕಾಸನ್ನೂ ಕೇಳದಿದ್ದರೂ.

ಇನ್ನೊಂದು ದಾರಿ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ. 2006ರ ಅಕ್ಟೋಬರ್ 26ರಿಂದ ಇದು ಜಾರಿಯಲ್ಲಿದೆ. ‘ಕೇಸು ಹಾಕಿದರೆ ಮನೆ ಮುರಿಯುತ್ತದೆ’ ಎನ್ನುವವರು ಇದನ್ನು ಒಮ್ಮೆ ಓದಬೇಕು. ಹೆಂಡತಿಗೆ, ತಾಯಿಗೆ, ಸೋದರಿಗೆ, ಮಗಳಿಗೆ ಇದು ಅನ್ವಯಿಸುತ್ತದೆ. ಗಂಡನನ್ನು ಸೆರೆಮನೆಗೆ ಕಳಿಸುವುದು ಇದರ ಮೊದಲ ಹೆಜ್ಜೆಯಲ್ಲ. ಇನ್ನು ಮುಂದೆ ಕೈ ಮಾಡಕೂಡದೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಕೊಡುತ್ತಾರೆ. ಆಕೆಗೆ ಕೂಡಿ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕುಂಟು; ಮನೆ ಯಾರ ಹೆಸರಿನಲ್ಲಿದ್ದರೂ ಸರಿಯೆ. ಅತ್ತೆ ಮಾವಂದಿರ ಹೆಸರಿನ ಮನೆಗೂ ಈ ಹಕ್ಕು ಅನ್ವಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ. ಆಜ್ಞೆಯನ್ನು ಮೀರಿದರೆ ಮಾತ್ರ ಸೆರೆಯ ಮಾತು: ಒಂದು ವರ್ಷದವರೆಗೆ. ಅಂದರೆ ‘ಇವರು ಜೈಲಿಗೆ ಹೋಗುವುದು ಬೇಡ, ಹೊಡೆಯುವುದು ನಿಂತರೆ ಸಾಕು’ ಎನ್ನುವ ಹೆಂಗಸಿನ ಮನಸ್ಸನ್ನು ಕಾನೂನು ನಮಗಿಂತ ಮೊದಲೇ ಅರ್ಥ ಮಾಡಿಕೊಂಡಿದೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ಅವನು ಏಕೆ ಹೊಡೆದ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಕೇಳಲಾಗಿತ್ತು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಅಲಕ್ಷಿಸಿದರೆ, ಎದುರು ಮಾತಾಡಿದರೆ, ಅಡಿಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವಂದಿರನ್ನು ಗೌರವಿಸದಿದ್ದರೆ, ಹೀಗೆ ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡನು ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ವಿಚಾರಿಸಿದರು. ಒಂದಾದರೂ ಕಾರಣಕ್ಕೆ ಸರಿಯೆಂದವರು ಹೆಂಗಸರಲ್ಲಿ ನೂರಕ್ಕೆ 45, ಗಂಡಸರಲ್ಲಿ ನೂರಕ್ಕೆ 44. ಹೆಂಗಸರೂ ಗಂಡಸರೂ ಸರಿಸುಮಾರು ಒಂದೇ ಎಂಬುದು ಯೋಚಿಸಬೇಕಾದ ವಿಷಯ. ಅದೇ ಸಮೀಕ್ಷೆಯಂತೆ, 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ಗಂಡನ ಹಿಂಸೆಯನ್ನು ಕಂಡವರು ದೇಶದಲ್ಲಿ ನೂರಕ್ಕೆ 29. ನಮ್ಮ ಕರ್ನಾಟಕದಲ್ಲಿ ನೂರಕ್ಕೆ 44. ನಾಡಿನ ಹೆಮ್ಮೆಯ ಮಾತುಗಳನ್ನು ಪ್ರತಿ ನವೆಂಬರಿನಲ್ಲಿ ಆಡುವ ನಾವು ಈ ಅಂಕಿಯನ್ನೂ ಅದೇ ನಾಡಿನದೆಂದು ಒಪ್ಪಿಕೊಳ್ಳಬೇಕು. ಹಿಂಸೆಗೆ ಗುರಿಯಾದವರಲ್ಲಿ ಸಹಾಯ ಬೇಡಿದವರಾದರೋ ದೇಶದಲ್ಲಿ ನೂರಕ್ಕೆ 14 ಮಾತ್ರ.

ಏಕೆ ಹೊಡೆದ ಎಂದು ಕೇಳಿದೊಡನೆ ನಾವು ಆ ಏಳು ಕಾರಣಗಳ ಪಟ್ಟಿಯನ್ನು ಬಿಚ್ಚಿದಂತಾಗುತ್ತದೆ. ಅವನು ಒಂದು ಕಾರಣ ಹೇಳುತ್ತಾನೆ. ನಾವು ಅದನ್ನು ತೂಗುತ್ತೇವೆ. ‘ಅಷ್ಟಕ್ಕೆ ಹೊಡೆಯಬಾರದಿತ್ತು’ ಎನ್ನುತ್ತೇವೆ. ಅಷ್ಟಕ್ಕೆ ಎಂಬ ಆ ಒಂದು ಪದದಲ್ಲಿ, ಇನ್ನಷ್ಟಕ್ಕಾದರೆ ಹೊಡೆಯಬಹುದಿತ್ತು ಎಂಬ ಒಪ್ಪಿಗೆ ಅಡಗಿದೆಯಲ್ಲವೇ? ಬಳಿಕ ಅವಳ ಕಡೆಗೆ ತಿರುಗಿ ‘ನೀನೂ ಸ್ವಲ್ಪ ತಗ್ಗಿ ನಡೆಯಬೇಕಮ್ಮ’ ಎನ್ನುತ್ತೇವೆ. ದೂರು ತಂದವಳು ಅವಳು. ತಿದ್ದಿಕೊಳ್ಳುವ ಪಾಠವೂ ಅವಳಿಗೇ. ಕಚೇರಿಯ ಮೇಲಧಿಕಾರಿ ಬೈದಾಗ ಅವನು ಕೈ ಎತ್ತುವುದಿಲ್ಲ. ಬ್ಯಾಂಕಿನ ಗುಮಾಸ್ತ ಮೂರು ಸಲ ತಿರುಗಿಸಿದರೂ ಕೈ ಎತ್ತುವುದಿಲ್ಲ. ಕೋಪ ಎಲ್ಲ ಕಡೆಗೂ ಬರುತ್ತದೆ, ಕೈ ಮಾತ್ರ ಒಂದೇ ಕಡೆ ಏಳುತ್ತದೆ. ಹಾಗಾದರೆ ಏಟಿನ ಕಾರಣ ಕೋಪವಲ್ಲ, ಇಲ್ಲಿ ಏಟಿಗೆ ಅನುಮತಿಯಿದೆ ಎಂಬ ನಂಬಿಕೆಯೇ ಕಾರಣ. ಆ ಅನುಮತಿಯ ಪತ್ರಕ್ಕೆ ಸಹಿ ಹಾಕಿದವರಲ್ಲಿ ನಾವೂ ಸೇರಿದ್ದೇವೆ.

ಈ ವಿಷಯದಲ್ಲಿ 2006ರ ನಿಯಮಗಳಲ್ಲಿರುವ ಒಂದು ಅಂಶ ನಮ್ಮ ಹಿರಿಯರಿಗೆಲ್ಲ ತಿಳಿದಿರಬೇಕಾದುದು. ಅಧಿನಿಯಮದಂತೆ ಮ್ಯಾಜಿಸ್ಟ್ರೇಟರು ಗಂಡ ಹೆಂಡಿರನ್ನು ಆಪ್ತಸಲಹೆಗೆ ಕಳಿಸಬಹುದು. ಆದರೆ ಆ ಸಲಹೆಯ ಸಭೆಯಲ್ಲಿ ಹೊಡೆದವನು ಹೊಡೆತಕ್ಕೆ ಸಮರ್ಥನೆ ಹೇಳಕೂಡದು. ಹಾಗೆ ಹೇಳಲು ಅವಕಾಶವಿಲ್ಲವೆಂದು ಅವನಿಗೆ ಮೊದಲೇ ತಿಳಿಸಬೇಕು. ಇನ್ನು ಹಿಂಸೆ ಮಾಡುವುದಿಲ್ಲವೆಂದು ಅವನಿಂದ ಮುಚ್ಚಳಿಕೆ ಪಡೆಯಬೇಕು. ಅಂದರೆ ನಾವು ಮೊಟ್ಟಮೊದಲು ಕೇಳುವ ಪ್ರಶ್ನೆಯನ್ನು ಕಾನೂನು ಬಾಗಿಲ ಹೊರಗೇ ನಿಲ್ಲಿಸಿದೆ. ಮಾತುಕತೆ ಬೇಡವೆಂದು ಅದು ಹೇಳುತ್ತಿಲ್ಲ. ಏಟು ಮಾತುಕತೆಯ ವಿಷಯವಲ್ಲವೆಂದು ಹೇಳುತ್ತಿದೆ. ಖರ್ಚು ವೆಚ್ಚ, ಅತ್ತೆ ಸೊಸೆಯರ ಹೊಂದಾಣಿಕೆ, ಮಕ್ಕಳ ಶಾಲೆ, ಎಲ್ಲವನ್ನೂ ಚರ್ಚಿಸೋಣ. ಆದರೆ ಕೈ ಕೆಳಗಿಳಿದ ಮೇಲೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಸುಳ್ಳು ದೂರುಗಳೂ ಇವೆಯಲ್ಲ, ನಿರಪರಾಧಿ ಮುದುಕರನ್ನೂ ಊರಿನಲ್ಲಿರುವ ನಾದಿನಿಯರನ್ನೂ ಸೇರಿಸಿ ಹೆಸರು ಬರೆಸುವುದುಂಟಲ್ಲ ಎಂದು ಕೇಳುವವರಿದ್ದಾರೆ. ಹೌದು, ಹಾಗೂ ನಡೆಯುವುದುಂಟು. ಸರ್ವೋಚ್ಚ ನ್ಯಾಯಾಲಯವೇ ಇದರ ಬಗ್ಗೆ ಎಚ್ಚರಿಸಿದೆ. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಅದು, ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರು ಬಂದ ಮಾತ್ರಕ್ಕೆ ಬಂಧಿಸಕೂಡದು, ಬಂಧನದ ಅಗತ್ಯಕ್ಕೆ ಕಾರಣ ಬರೆದಿಡಬೇಕು ಎಂದು ಪೊಲೀಸರಿಗೆ ಕಟ್ಟಪ್ಪಣೆ ಮಾಡಿತು. ಆರೋಪವೇ ಅಪರಾಧವಲ್ಲ. ಸಾಕ್ಷ್ಯದ ಮೇಲೆ, ಪಾಟೀ ಸವಾಲಿನ ಬಳಿಕ, ನ್ಯಾಯಾಧೀಶರು ತೀರ್ಮಾನಿಸುವವರೆಗೆ ಅವನು ಆರೋಪಿ ಮಾತ್ರ. ಸಂಘದ ಸಭೆಗೆ ಬಂದರೆ ಅವನಿಗೂ ಕುರ್ಚಿ ಕೊಡಬೇಕು. ಆದರೆ ಇದರಿಂದ ಹೊರಡುವ ನೀತಿ ಯಾವುದು? ಸತ್ಯಾಸತ್ಯವನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ ಎಂಬುದು. ‘ನಿನ್ನ ದೂರು ಸುಳ್ಳು’ ಎನ್ನುವ ಅಧಿಕಾರವೂ ನಮಗಿಲ್ಲ ಎಂಬುದು ಅದರಲ್ಲಿಯೇ ಸೇರಿದೆ. ಸುಳ್ಳಿಗೆ ಮದ್ದು ಮೌನವಲ್ಲ, ವಿವರ. ಯಾವ ದಿನ, ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು, ಯಾವ ಆಸ್ಪತ್ರೆಯಲ್ಲಿ ತೋರಿಸಿದಿರಿ ಎಂಬುದನ್ನು ನಡೆದಷ್ಟೇ ಬರೆಸಿದರೆ ನೊಂದವಳಿಗೂ ಬಲ, ನಿರಪರಾಧಿಗೂ ರಕ್ಷಣೆ.

ಪರಸ್ಥಳದಲ್ಲಿರುವ ನಮ್ಮ ಹೆಂಗಸರಿಗೆ ಇಲ್ಲಿ ವಿಶೇಷವಾದ ತೊಡಕುಗಳಿವೆ. ಮದುವೆಯಾಗಿ ವರ್ಷದೊಳಗೆ ಬಂದವಳಿಗೆ ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಠಾಣೆಯಲ್ಲಿ ಅವಳ ಮಾತನ್ನು ಅನುವಾದಿಸಲು ನಿಲ್ಲುವವನು ಅನೇಕ ವೇಳೆ ಗಂಡನ ಸ್ನೇಹಿತನೋ ಭಾವಮೈದುನನೋ ಆಗಿರುತ್ತಾನೆ. ‘ತಲೆಯನ್ನು ಗೋಡೆಗೆ ಬಡಿದರು’ ಎಂಬುದು ‘ಮಾತಿಗೆ ಮಾತು ಬೆಳೆಯಿತು’ ಎಂದಾಗುತ್ತದೆ. ಬರೆದುಕೊಂಡ ಮಾಹಿತಿಯನ್ನು ಆಕೆಗೆ ಓದಿ ಹೇಳಬೇಕು, ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು ಎಂದು ಕಾನೂನಿದೆ. ತಿಳಿಯದ ಭಾಷೆಯಲ್ಲಿ ಓದಿದರೆ ಪ್ರಯೋಜನವೇನು? ಇನ್ನೊಂದು ತೊಡಕು ‘ಎನ್.ಸಿ.’ಯದು. ಸಾಮಾನ್ಯ ನೋವಿನ ಅಪರಾಧವನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಆದ್ದರಿಂದ ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಅದನ್ನೇ ಕೇಸೆಂದು ತಿಳಿದು ಆಕೆ ಮನೆಗೆ ಮರಳುತ್ತಾಳೆ. ಗಂಡನಿಗೂ ಸುದ್ದಿ ಮುಟ್ಟಿರುತ್ತದೆ. ಏಟು ಒಂದು ಸಲದ್ದಲ್ಲ, ಕ್ರೌರ್ಯದ ಸರಣಿಯೆಂಬುದು ಆ ಹೇಳಿಕೆಯಲ್ಲಿ ಬಂದಿದ್ದರೆ 85ನೆಯ ಕಲಮಿನ ಮಾತು ಬರುತ್ತಿತ್ತು. ಆ ಕಲಮಿನಲ್ಲಿ ಆಕೆ ಅಥವಾ ಆಕೆಯ ಬಂಧುಗಳು ಮಾಹಿತಿ ಕೊಟ್ಟರೆ ಪೊಲೀಸರೇ ತನಿಖೆ ನಡೆಸಬಹುದು.

ಊರಿಗೆ ಹೋದರೆ ಕೇಸು ಬಿದ್ದುಹೋಗುತ್ತದೆಂಬ ಭಯವೂ ಅನೇಕರಲ್ಲಿದೆ. ಅದಕ್ಕೆ ಆಧಾರವಿಲ್ಲ. ಗಂಡನ ಮನೆ ಬಿಟ್ಟು ಎಲ್ಲಿ ಆಶ್ರಯ ಪಡೆದಿರುತ್ತಾಳೋ ಅಲ್ಲಿಯೂ ಕ್ರೌರ್ಯದ ಪ್ರಕರಣ ನಡೆಯಬಹುದೆಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. 2005ರ ಅಧಿನಿಯಮದಂತೆ, ಆಕೆ ತಾತ್ಕಾಲಿಕವಾಗಿ ವಾಸಿಸುವ ಊರಿನ ಮ್ಯಾಜಿಸ್ಟ್ರೇಟರಲ್ಲಿಯೂ ಅರ್ಜಿ ಕೊಡಬಹುದು. ಮುಂಬಯಿಯಲ್ಲಿ ಬಿದ್ದ ಏಟಿಗೆ ಕುಂದಾಪುರದಲ್ಲಿಯೋ ಗದಗಿನಲ್ಲಿಯೋ ನ್ಯಾಯ ಕೇಳಲು ದಾರಿಯಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದ ನಮ್ಮ ಗಾದೆಗಿಂತ ಕಾನೂನೇ ತವರಿನ ಬೆಲೆಯನ್ನು ಹೆಚ್ಚು ಅರಿತಿದೆ.

ಇಷ್ಟಾದ ಮೇಲೆ ನಿಜವಾದ ನೈತಿಕ ಪ್ರಶ್ನೆ ಉಳಿಯುತ್ತದೆ. ರಾಜಿ ಮಾಡಿಸುವುದು ತಪ್ಪೇ? ಮಕ್ಕಳಿವೆ, ಕೈಯಲ್ಲಿ ಕೆಲಸವಿಲ್ಲ, ಬಾಡಿಗೆಗೆ ಹಣವಿಲ್ಲ. ಆಕೆಯೇ ರಾಜಿಗೆ ಒಪ್ಪಿದರೆ ಬೇಡವೆನ್ನಲು ನಾವು ಯಾರು? ನಮಗೆ ತೋರುವ ಉತ್ತರವಿದು. ರಾಜಿಯೆಂದರೆ ಇಬ್ಬರು ಸ್ವತಂತ್ರರ ಒಪ್ಪಂದ. ‘ಇಲ್ಲ’ ಎನ್ನುವ ಸ್ವಾತಂತ್ರ್ಯವಿಲ್ಲದವಳ ‘ಹೂಂ’ ಒಪ್ಪಿಗೆಯಲ್ಲ. ಗಂಡನ ಮನೆಯವರ ಎದುರಿಗೆ, ಎಂಟು ಜನ ಹಿರಿಯರ ನಡುವೆ ಕೂರಿಸಿ ‘ಏನಮ್ಮ, ಒಪ್ಪಿಗೆಯೇ?’ ಎಂದರೆ ಆಕೆ ತಲೆದೂಗದೆ ಮತ್ತೇನು ಮಾಡಿಯಾಳು? ಆ ರಾತ್ರಿ ಮಲಗಲು ಬೇರೆ ಜಾಗವಿದೆಯೇ, ಮರುದಿನ ಮಕ್ಕಳ ಹೊಟ್ಟೆಗೆ ದಾರಿಯಿದೆಯೇ, ದೂರನ್ನು ಮುಂದುವರಿಸಿದರೂ ನಾವು ಆಕೆಯ ಜೊತೆಗಿರುತ್ತೇವೆಯೇ, ಈ ಮೂರನ್ನೂ ಮೊದಲು ಸಿದ್ಧಪಡಿಸಿ, ಆಮೇಲೆ ಆಕೆಯನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು. ಆಗ ಬಂದ ಒಪ್ಪಿಗೆಗೆ ಬೆಲೆಯುಂಟು. ಕ್ರೌರ್ಯದ ಅಪರಾಧವನ್ನು ಪಕ್ಷಗಾರರು ತಾವೇ ರಾಜಿ ಮಾಡಿಕೊಂಡು ಮುಗಿಸುವಂತೆ ಕಾನೂನು ಸಾಮಾನ್ಯವಾಗಿ ಬಿಟ್ಟಿಲ್ಲ. ಉಚ್ಚ ನ್ಯಾಯಾಲಯದ ಮುಂದೆ ಹೋಗಬೇಕಾಗುತ್ತದೆ. ಒತ್ತಾಯದ ರಾಜಿಯ ಅನುಭವ ನಮ್ಮ ಸಮಾಜಕ್ಕೆ ಸಾಕಷ್ಟಿರುವುದರಿಂದ ಈ ತಡೆ ಅರ್ಥವುಳ್ಳದ್ದೆಂದೇ ನಾವು ಭಾವಿಸುತ್ತೇವೆ.

ಇದರ ಮತ್ತೊಂದು ಮಗ್ಗುಲೂ ಇದೆ. ಆಕೆ ದೂರು ಕೊಡಲೊಲ್ಲಳು, ಆದರೆ ಗೋಡೆಯಾಚೆಯಿಂದ ಸದ್ದು ಕೇಳುತ್ತಲೇ ಇದೆ. ಆಗ ನೆರೆಯವರ ಧರ್ಮವೇನು? ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬಾರದು ಎಂದು ಅಧಿನಿಯಮದ 4ನೆಯ ಕಲಮು ಹೇಳುತ್ತದೆ. ಹೀಗಾಗಿ ಕಾನೂನಿನ ಭಯ ನಮಗೆ ನೆವವಾಗಲಾರದು. ಹಾಗೆಂದು ಆಕೆಯನ್ನು ಕೇಳದೆ ಧುಮುಕಿದರೆ, ನಮ್ಮ ಉತ್ಸಾಹದ ಬೆಲೆಯನ್ನು ಆಕೆಯ ಮೈ ತೆರಬೇಕಾದೀತು. ಪ್ರಾಣಾಪಾಯ ಎದುರಿಗಿದ್ದರೆ ಕಾಯುವಂತಿಲ್ಲ, 112ಕ್ಕೆ ಫೋನ್ ಮಾಡಲೇಬೇಕು. ಉಳಿದ ಸಂದರ್ಭಗಳಲ್ಲಿ ಮೊದಲು ಆಕೆಯೊಡನೆ ಏಕಾಂತದಲ್ಲಿ ಮಾತಾಡಿ, ಆಕೆಯ ಇಚ್ಛೆಯನ್ನು ತಿಳಿದು ನಡೆಯುವುದು ಮೇಲು. ಇದು ಸುಲಭದ ತೂಕವಲ್ಲ. ಒಂದು ತಟ್ಟೆಯಲ್ಲಿ ಆಕೆಯ ಸ್ವಾತಂತ್ರ್ಯ, ಇನ್ನೊಂದರಲ್ಲಿ ಆಕೆಯ ಪ್ರಾಣ. ಆದರೆ ನಮ್ಮ ನೆಮ್ಮದಿಯನ್ನು ಮಾತ್ರ ಯಾವ ತಟ್ಟೆಯಲ್ಲಿಯೂ ಇಡಕೂಡದು.

ಈ ನಗರದಲ್ಲಿ ಸಹಾಯವಿಲ್ಲದಿಲ್ಲ. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬಯಿ ಪೊಲೀಸರೊಡನೆ ಸೇರಿ ಹೆಂಗಸರ ಮತ್ತು ಮಕ್ಕಳ ವಿಶೇಷ ವಿಭಾಗವನ್ನು ಆರಂಭಿಸಿತು. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಎಂಬ ಕೇಂದ್ರ ಹುಟ್ಟಿತು. ಗಾಯಕ್ಕೆ ಮದ್ದು ಹಚ್ಚುವ ಜಾಗದಲ್ಲೇ ಗಾಯ ಹೇಗಾಯಿತೆಂದು ಕೇಳುವವರೂ ಇರಬೇಕೆಂಬುದು ಅದರ ಹಿಂದಿನ ವಿಚಾರ. 181 ಮಹಿಳಾ ಸಹಾಯವಾಣಿಯಿದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರ ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಅಧಿನಿಯಮ ಕೊಟ್ಟಿದೆ. ಇವೆಲ್ಲ ಇವೆ, ಆದರೆ ಕನ್ನಡದಲ್ಲಿ ಅಳುವವಳನ್ನು ಕೈಹಿಡಿದು ಅಲ್ಲಿಯವರೆಗೆ ಕರೆದೊಯ್ಯುವವರು ಬೇಕು.

ಆ ಕೆಲಸವನ್ನು ಸಂಘಗಳು ಮಾಡಬಲ್ಲವು. ಮರಾಠಿ ಹಿಂದಿಗಳನ್ನು ಬಲ್ಲ, ಯಾವ ಪಕ್ಷಕ್ಕೂ ನಂಟರಲ್ಲದ ನಾಲ್ಕಾರು ಮಹಿಳಾ ಸದಸ್ಯರ ಹೆಸರುಗಳನ್ನು ಗುರುತಿಸಿಡಬಹುದು. ಕರೆ ಬಂದಾಗ ಅವರು ಠಾಣೆಗೆ ಜೊತೆಯಾಗಿ ಹೋಗಿ, ಆಕೆ ಆಡಿದ್ದನ್ನು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ದಾಟಿಸಬಹುದು. ಇದಕ್ಕೆ ಸಭಾಭವನ ಬೇಡ, ಚಂದಾ ಬೇಡ. ಬೇಕಾದುದು ಒಂದು ಅಭ್ಯಾಸದ ಬದಲಾವಣೆ. ಮುಂದೆ ಯಾವ ಹೆಣ್ಣುಮಗಳಾದರೂ ನಮ್ಮ ಬಾಗಿಲಿಗೆ ಬಂದಾಗ, ಏಕೆ ಹೊಡೆದ ಎಂಬ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಬಿಟ್ಟು, ‘ಪೆಟ್ಟು ಎಲ್ಲಿಗೆ ಬಿತ್ತಮ್ಮ, ಡಾಕ್ಟರಿಗೆ ತೋರಿಸಿದೆಯಾ, ಇವತ್ತು ರಾತ್ರಿ ಎಲ್ಲಿರುತ್ತೀ?’ ಎಂದು ಕೇಳುವುದನ್ನು ನಾವು ಕಲಿಯಬೇಕು.